ಜಿಡಿಬಿಯಲ್ಲಿ ಬೇಡದ ಟ್ರೇಸ್‌ಪಾಯಿಂಟ್ ಮಾತ್ರ ತೆಗೆಯೋದು ಹೇಗೆ? ನಿನ್ನೆ ಎಲ್ಲವೂ ಹೋಯ್ತು

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ಸಾಧನದ ಮೇಲೆ ಓಡುವ ಪ್ರೋಗ್ರಾಂನಲ್ಲಿ ಜಿಡಿಬಿ ಎಂಬ ಡೀಬಗರ್ (ದೋಷ ಹುಡುಕುವ ಸಾಧನ ತಂತ್ರಾಂಶ) ಬಳಸಿ ಬಗ್ ಹುಡುಕುತ್ತಿದ್ದೇನೆ. ಬ್ರೇಕ್‌ಪಾಯಿಂಟ್ ಹಾಕಿ ನಿಲ್ಲಿಸುವ ಹಾಗಿಲ್ಲ. ಎರಡು ಸೆಕೆಂಡ್ ನಿಂತರೂ ವಾಚ್‌ಡಾಗ್ (ಪ್ರೋಗ್ರಾಂ ಸ್ಪಂದಿಸುತ್ತಿದೆಯಾ ಅಂತ ಕಾಯುವ ಟೈಮರ್) ಎಲ್ಲವನ್ನೂ ರೀಸೆಟ್ ಮಾಡಿಬಿಡುತ್ತದೆ. ಅದಕ್ಕೇ ಜಿಡಿಬಿಸರ್ವರ್ (ಸಾಧನದ ಕಡೆ ಓಡುವ ಜಿಡಿಬಿಯ ಜೊತೆಗಾರ ಪ್ರೋಗ್ರಾಂ) ಮೂಲಕ ಟ್ರೇಸ್‌ಪಾಯಿಂಟ್ ಬಳಸುತ್ತಿದ್ದೇನೆ. ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ನನಗೆ ಬೇಕಾದ ವೇರಿಯಬಲ್‌ಗಳು ಬಫರ್‌ನಲ್ಲಿ ಸೇರುತ್ತಾ ಹೋಗುತ್ತವೆ.

ಒಟ್ಟು 11 ಟ್ರೇಸ್‌ಪಾಯಿಂಟ್ ಹಾಕಿದ್ದೆ. ಅದರಲ್ಲಿ 5, 6, 7 ಮತ್ತು 9 ಒಂದು ಬಿಗಿ ಲೂಪ್ ಒಳಗಿವೆ. ಬಫರ್ ತುಂಬಿಸುವುದೇ ಅವು. ಆ ನಾಲ್ಕನ್ನು ಮಾತ್ರ ತೆಗೆಯಬೇಕು.

ಇನ್ನೊಂದು ವಿಷಯ. ನಿನ್ನೆ ಸುಮಾರು 40 ನಿಮಿಷ ಓಡಿಸಿದ ಮೇಲೆ ಬಗ್ ಕಾಣಿಸಿತು. ತಕ್ಷಣ ಟ್ರೇಸ್ ನಿಲ್ಲಿಸುವ 'ಟಿಸ್ಟಾಪ್' ಕೊಟ್ಟೆ. ಆಮೇಲೆ ನನ್ನ ಸೆಟಪ್ ಫೈಲನ್ನು ಸೋರ್ಸ್ ಮಾಡಿದೆ, ಅಂದರೆ ಅದರೊಳಗಿನ ಜಿಡಿಬಿ ಕಮಾಂಡ್‌ಗಳನ್ನು ಓಡಿಸಿದೆ. ಅದರ ಮೊದಲ ಸಾಲೇ 'ಡಿಲೀಟ್ ಟ್ರೇಸ್‌ಪಾಯಿಂಟ್ಸ್'. ವೈ ಅಥವಾ ಎನ್ ಅಂತ ಏನನ್ನೂ ಕೇಳದೆ ಹನ್ನೊಂದೂ ಹೋದವು. ಈಗ 'ಟಿಫೈಂಡ್' ಮಾಡಿದರೆ ಫ್ರೇಮ್ (ಟ್ರೇಸ್‌ಪಾಯಿಂಟ್ ಒಂದು ಸಲ ಮುಟ್ಟಿದಾಗ ಸೇರಿದ ಡೇಟಾ) ಸಿಗುತ್ತದೆ, ಆದರೆ ಅದರೊಳಗಿನದನ್ನು ತೋರಿಸುವ 'ಟಿಡಂಪ್' ಕೊಟ್ಟರೆ ಈ ಫ್ರೇಮ್‌ಗೆ ಹೊಂದುವ ಟ್ರೇಸ್‌ಪಾಯಿಂಟೇ ಇಲ್ಲ ಅನ್ನುತ್ತದೆ. ಜಿಡಿಬಿ ಮತ್ತು ಸಾಧನ ಎರಡನ್ನೂ ಹಾಗೇ ಆನ್ ಇಟ್ಟಿದ್ದೇನೆ. ಆ 40 ನಿಮಿಷದ ಡೇಟಾ ಉಳಿಸಿಕೊಳ್ಳಲು ದಾರಿ ಇದೆಯಾ?

ಉತ್ತರ 1:

ಮೊದಲ ಪ್ರಶ್ನೆ ಸುಲಭ. 'ಡಿಲೀಟ್ ಟ್ರೇಸ್‌ಪಾಯಿಂಟ್' ಆದ ಮೇಲೆ 5-7 9 ಅಂತ ನಂಬರು ಕೊಡಿ, ಅಷ್ಟೇ. ನಂಬರು ಕೊಡದಿದ್ದರೆ ಎಲ್ಲವನ್ನೂ ತೆಗೆ ಅಂತಲೇ ಅರ್ಥ. ಕೈಯಲ್ಲಿ ಟೈಪ್ ಮಾಡಿದಾಗ ಒಮ್ಮೆ ಕೇಳುತ್ತದೆ. ಕಮಾಂಡ್ ಫೈಲ್‌ನಿಂದ ಓಡಿಸಿದಾಗ ಕೇಳುವುದಿಲ್ಲ. ನಿಮಗೆ ಆಗಿದ್ದು ಅದೇ.

ಬ್ರೇಕ್‌ಪಾಯಿಂಟ್ ಮತ್ತು ಟ್ರೇಸ್‌ಪಾಯಿಂಟ್ ಎರಡಕ್ಕೂ ಒಂದೇ ನಂಬರು ಸಾಲು. ಬರೀ 'ಡಿಲೀಟ್ 5' ಅಂದರೂ ಟ್ರೇಸ್‌ಪಾಯಿಂಟ್ ಹೋಗುತ್ತದೆ. ತೆಗೆಯುವ ಮೊದಲು 'ಇನ್ಫೋ ಟ್ರೇಸ್‌ಪಾಯಿಂಟ್ಸ್' ನೋಡಿ. ತೆಗೆದ ನಂಬರು ಮತ್ತೆ ಬರುವುದಿಲ್ಲ, ಉಳಿದವು ಹಿಂದಕ್ಕೆ ಸರಿಯುವುದೂ ಇಲ್ಲ. 8 ಎಂಟಾಗಿಯೇ ಇರುತ್ತದೆ.

ಉತ್ತರ 2:

ದಯವಿಟ್ಟು ಈಗಲೇ 'ಟಿಸ್ಟಾರ್ಟ್' ಕೊಡಬೇಡಿ! ಹೊಸದಾಗಿ ಶುರು ಮಾಡಿದ ಕ್ಷಣ ಹಳೆಯ ಡೇಟಾ ಅಳಿಸಿಹೋಗುತ್ತದೆ. ಅದನ್ನು ಮುಟ್ಟದಿದ್ದರೆ ನಿಮ್ಮ 40 ನಿಮಿಷ ಇನ್ನೂ ಇದೆ.

ಟ್ರೇಸ್‌ಪಾಯಿಂಟ್ ಎರಡು ಕಡೆ ಇರುತ್ತದೆ, ನನಗೆ ಇದು ತಲೆಗೆ ಹೋಗಲು ತುಂಬಾ ದಿನ ಬೇಕಾಯಿತು. ಒಂದು ಜಿಡಿಬಿಯ ಪಟ್ಟಿಯಲ್ಲಿ, ಇನ್ನೊಂದು ಸಾಧನದ ಕಡೆ ಜಿಡಿಬಿಸರ್ವರ್ ಹತ್ತಿರ. ನೀವು ತೆಗೆದದ್ದು ಜಿಡಿಬಿಯ ಪಟ್ಟಿಯಿಂದ. ಸೇರಿದ ಫ್ರೇಮ್‌ಗಳು ಸಾಧನದ ಬಫರ್‌ನಲ್ಲೇ ಇವೆ. 'ಟಿಡಂಪ್' ಯಾಕೆ ಸೋಲುತ್ತದೆ ಅಂದರೆ, ಈ ಫ್ರೇಮ್‌ನಲ್ಲಿ ಏನೇನು ಸೇರಿಸಲು ಹೇಳಿದ್ದೆ ಅಂತ ಅದು ಟ್ರೇಸ್‌ಪಾಯಿಂಟ್‌ನ ಆಕ್ಷನ್ಸ್ ನೋಡಿಯೇ ತಿಳಿದುಕೊಳ್ಳಬೇಕು. ಆ ಪಟ್ಟಿ ಈಗ ಖಾಲಿ. ವೇರಿಯಬಲ್ ಹೆಸರು ನೆನಪಿದ್ದರೆ 'ಟಿಫೈಂಡ್' ಮಾಡಿ ಒಂದೊಂದನ್ನೇ 'ಪ್ರಿಂಟ್' ಮಾಡಿ ನೋಡಬಹುದು.

ಇದಕ್ಕಿಂತ ಒಳ್ಳೆಯ ದಾರಿ ಇದೆ. 'ಡಿಸ್‌ಕನೆಕ್ಟ್' ಕೊಟ್ಟು ಮತ್ತೆ 'ಟಾರ್ಗೆಟ್ ರಿಮೋಟ್' ಮಾಡಿ. 'ಡಿಟ್ಯಾಚ್' ಬೇಡ, ಅದು ಪ್ರೋಗ್ರಾಂ ಅನ್ನೇ ಬಿಟ್ಟುಬಿಡುತ್ತದೆ. ಮತ್ತೆ ಸೇರಿಕೊಂಡಾಗ ಜಿಡಿಬಿ ಸಾಧನದ ಕಡೆ ಇರುವ ಟ್ರೇಸ್‌ಪಾಯಿಂಟ್‌ಗಳನ್ನು ಕೇಳಿ ತರಿಸಿಕೊಳ್ಳುತ್ತದೆ. ತನ್ನ ಪಟ್ಟಿಯಲ್ಲಿ ಹೊಂದುವಂಥದ್ದು ಇಲ್ಲದಿದ್ದರೆ ಹೊಸ ನಂಬರು ಕೊಟ್ಟು ತಾನೇ ಸೃಷ್ಟಿಸುತ್ತದೆ. ಹೊಸ ನಂಬರು ಹಳೆಯ ಕ್ರಮದಲ್ಲೇ ಇರುತ್ತದೆ ಅಂತ ನಂಬಬೇಡಿ, ಯಾವ ಫಂಕ್ಷನ್, ಯಾವ ಸಾಲು ಅಂತ ನೋಡಿ ಗುರುತಿಸಿ. ಕೆಲವೊಮ್ಮೆ ಈ ಹೊಂದಿಸುವಿಕೆ ತಪ್ಪಿ ಕೆಲಸಕ್ಕೆ ಬಾರದ ಟ್ರೇಸ್‌ಪಾಯಿಂಟ್ ಒಂದೆರಡು ಜಾಸ್ತಿ ಹುಟ್ಟುತ್ತವೆ. ಅವನ್ನು ಧೈರ್ಯವಾಗಿ ತೆಗೆಯಬಹುದು.

ಸಿಕ್ಕ ಕೂಡಲೇ 'ಟಿಸೇವ್' ಮಾಡಿ ಫೈಲಿಗೆ ಇಳಿಸಿಕೊಳ್ಳಿ. ಆ ಫೈಲಿನಲ್ಲಿ ಡೇಟಾ ಜೊತೆಗೆ ಟ್ರೇಸ್‌ಪಾಯಿಂಟ್ ವಿವರವೂ ಇರುತ್ತದೆ, ಆಮೇಲೆ ಸಾಧನ ಇಲ್ಲದೆಯೂ 'ಟಾರ್ಗೆಟ್ ಟಿಫೈಲ್' ಅಂತ ತೆರೆದು ಓದಬಹುದು. 'ಸೇವ್ ಟ್ರೇಸ್‌ಪಾಯಿಂಟ್ಸ್' ಬೇರೆ. ಅದು ವಿವರ ಮಾತ್ರ ಬರೆದಿಡುತ್ತದೆ, ಡೇಟಾ ಅಲ್ಲ. ನಾನು ಎರಡನ್ನೂ ಮಾಡದೆ ಏನನ್ನೂ ಡಿಲೀಟ್ ಮಾಡುವುದಿಲ್ಲ. ಒಂದು ಇಡೀ ರಾತ್ರಿಯ ಟ್ರೇಸ್ ಕಳೆದುಕೊಂಡ ಮೇಲೆ ಬಂದ ಅಭ್ಯಾಸ ಇದು.

ಇನ್ನು ಆ ನಾಲ್ಕರ ವಿಷಯ. ಅವು ನಿಜವಾಗಲೂ ಬೇಡವೇ ಬೇಡವಾ? ಸಂಶಯ ಇದ್ದರೆ 'ಡಿಸೇಬಲ್ ಟ್ರೇಸ್‌ಪಾಯಿಂಟ್' ಸಾಕು. ಆಕ್ಷನ್ಸ್, ಷರತ್ತು ಎಲ್ಲಾ ಹಾಗೇ ಉಳಿಯುತ್ತದೆ, ಬಫರ್‌ಗೆ ಮಾತ್ರ ಏನೂ ಸೇರುವುದಿಲ್ಲ. ಜಿಡಿಬಿಸರ್ವರ್ ಆದ್ದರಿಂದ ಟ್ರೇಸ್ ಓಡುತ್ತಿರುವಾಗಲೂ ತಕ್ಷಣ ಜಾರಿಯಾಗುತ್ತದೆ. ಸಾಧನದ ಕಡೆ ಅದೇ ಕೆಲಸ ಮಾಡುವ ಬೇರೆ ಕೆಲವು ಸ್ಟಬ್‌ಗಳಲ್ಲಿ ಮುಂದಿನ 'ಟಿಸ್ಟಾರ್ಟ್' ತನಕ ಕಾಯಬೇಕು.

ಉತ್ತರ 3:

ಅಪರೂಪದ ಬಗ್ ಅಲ್ವಾ, 'ಸರ್ಕ್ಯುಲರ್ ಟ್ರೇಸ್ ಬಫರ್' ಆನ್ ಮಾಡಿ ನೋಡಿ. ತುಂಬಿದಾಗ ಟ್ರೇಸ್ ನಿಲ್ಲುವ ಬದಲು ತೀರಾ ಹಳೆಯ ಫ್ರೇಮ್ ಬಿಟ್ಟು ಹೊಸದನ್ನು ಸೇರಿಸುತ್ತದೆ. ನಿಮಗೆ ಬೇಕಾದ್ದು ಕೊನೆಯ ಕೆಲವು ಫ್ರೇಮ್ ತಾನೇ? ಆಗ ಆ ನಾಲ್ಕನ್ನು ತೆಗೆಯುವ ಅಗತ್ಯವೇ ಬರದೆ ಇರಬಹುದು.

ಪ್ರಶ್ನೆ ಕೇಳಿದವರಿಂದ:

ಸಿಕ್ಕಿತು! ತುಂಬಾ ತುಂಬಾ ಧನ್ಯವಾದ. ಮತ್ತೆ ಕನೆಕ್ಟ್ ಮಾಡಿದಾಗ 12ರಿಂದ 22ರ ತನಕ ಹನ್ನೊಂದೂ ವಾಪಸ್ ಬಂದವು. ಆಕ್ಷನ್ಸ್ ಕೂಡ ಜೊತೆಗೇ ಬಂದಿದ್ದವು. ಮೊದಲು 'ಟಿಸೇವ್' ಮಾಡಿದೆ, ಆಮೇಲೆ ಕೊನೆಯ ಫ್ರೇಮ್‌ನಿಂದ ಹಿಂದಕ್ಕೆ ಒಂದೊಂದೇ ನೋಡುತ್ತಾ ಬಂದೆ. ಕ್ಯೂಗೆ ಸಂದೇಶ ಹಾಕುವ ಫಂಕ್ಷನ್‌ನ ಫ್ರೇಮ್ ಒಂದರಲ್ಲಿ ಹೆಡ್ (ಸಂದೇಶ ತೆಗೆಯುವ ಜಾಗ) 63, ಟೇಲ್ (ಹಾಕುವ ಜಾಗ) 64. ಕ್ಯೂ ಇರುವುದೇ 64 ಜಾಗದ್ದು, ಸೊನ್ನೆಯಿಂದ ಎಣಿಸುವ ಇಂಡೆಕ್ಸ್ 63 ದಾಟಲೇಬಾರದು. ಮರುಪ್ರಯತ್ನ ಮಾಡುವ ದಾರಿಯಲ್ಲಿ ಟೇಲ್ ಅನ್ನು ಸೊನ್ನೆಗೆ ತಿರುಗಿಸುವ ಸಾಲು ಬಿಟ್ಟುಹೋಗಿತ್ತು.

ಲೂಪ್ ಒಳಗಿನ ನಾಲ್ಕನ್ನು ಸಾಲು ನೋಡಿ ಗುರುತಿಸಿ ಡಿಸೇಬಲ್ ಮಾಡಿದ್ದೇನೆ, ಡಿಲೀಟ್ ಮಾಡಿಲ್ಲ. ಸೆಟಪ್ ಫೈಲಿನ ಮೊದಲ ಸಾಲನ್ನೂ ತೆಗೆದುಹಾಕಿದೆ. ಈಗ ತಿದ್ದಿದ ಪ್ರೋಗ್ರಾಂ ಓಡುತ್ತಿದೆ, ಎರಡು ಗಂಟೆ ಆಯಿತು.