ಉಬುಂಟು 24.04: ವರ್ಚುವಲ್‌ಬಾಕ್ಸ್ ಮಾಡ್ಯೂಲ್ ಲೋಡ್ ಆಗ್ತಿಲ್ಲ, ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತಿದೆ

ಹೊಸಬ_ಲಿನಕ್ಸ್:
ವರ್ಚುವಲ್‌ಬಾಕ್ಸ್ ಇನ್‌ಸ್ಟಾಲ್ ಆಯ್ತು, ಆದ್ರೆ ಅದರೊಳಗಿನ ಯಾವ ವರ್ಚುವಲ್ ಮಷಿನ್ನೂ ಸ್ಟಾರ್ಟ್ ಆಗ್ತಿಲ್ಲ. ಮಾಡ್ಯೂಲನ್ನ (ಕರ್ನಲ್‌ಗೆ, ಅಂದ್ರೆ ಸಿಸ್ಟಂನ ತಿರುಳಿಗೆ, ಸೇರೋ ಭಾಗ) ಲೋಡ್ ಮಾಡೋ ಮಾಡ್‌ಪ್ರೋಬ್ ಕಮಾಂಡ್ ಕೊಟ್ರೆ ಮೇಲಿನ ಎರರ್. ತೆಗೆದು ಮತ್ತೆ ಹಾಕಿದ್ರೂ ಅದೇ ಕಥೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೂಡ ಇದೆ.

ಟರ್ಮಿನಲ್‌ತಾತ:
ಡಿಕೆಎಂಎಸ್ (ಕರ್ನಲ್‌ಗೆ ತಕ್ಕಂತೆ ಮಾಡ್ಯೂಲ್ ಕಟ್ಟೋ ಟೂಲ್) ಸ್ಟೇಟಸ್ ಏನು ತೋರಿಸುತ್ತೆ? ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರೋ ಸಾಫ್ಟ್‌ವೇರನ್ನ ಮಾತ್ರ ಬಿಡೋ ಭದ್ರತೆ) ಆನ್ ಇದೆಯಾ?

ಹೊಸಬ_ಲಿನಕ್ಸ್:
ಡಿಕೆಎಂಎಸ್ ‘ಇನ್‌ಸ್ಟಾಲ್ಡ್’ ಅಂತಿದೆ ಸರ್. ಸೆಕ್ಯೂರ್ ಬೂಟ್ ಆನ್.

ಬೂಟ್‌ಬಸವ:
ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡ್ಬಿಡಿ ಗುರು, ತಲೆನೋವೇ ಇರಲ್ಲ.

ಟರ್ಮಿನಲ್‌ತಾತ:
ಬಸವಣ್ಣ, ಅವಸರ ಬೇಡ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್ ಇದ್ರೆ, ಸೆಕ್ಯೂರ್ ಬೂಟ್ ಆಫ್ ಮಾಡಿದ ಮೇಲೆ ರಿಕವರಿ ಕೀ ಕೇಳಿ ಕೂತ್ಕೊಳ್ಳಬಹುದು. ಆ 48 ಅಂಕಿ ಎಲ್ಲಿ ಬರೆದಿಟ್ಟಿದ್ದೀವಿ ಅಂತ ಎಷ್ಟು ಜನಕ್ಕೆ ನೆನಪಿರುತ್ತೆ?

ಹೊಸಬರೇ, ನಿಮ್ಮ ಮಾಡ್ಯೂಲ್ ಸರಿಯಾಗೇ ಕಂಪೈಲ್ ಆಗಿದೆ, ಅದಕ್ಕೇ ಮತ್ತೆ ಹಾಕಿ ಪ್ರಯೋಜನ ಇಲ್ಲ. ಉಬುಂಟು ಅದಕ್ಕೆ ಸಹಿ ಹಾಕಿರುತ್ತೆ, ಆದ್ರೆ ಆ ಸಹಿಯ ಕೀ ನಿಮ್ಮ ಮಷಿನ್‌ಗೆ ಪರಿಚಯ ಇಲ್ಲ. ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳಿರುತ್ತಲ್ಲ, ಅದು ಈ ಕೀ ಸೇರಿಸೋದಕ್ಕೇ. ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್ ಬಂದು ಹತ್ತು ಸೆಕೆಂಡು ಕಾಯುತ್ತೆ. ಯಾವ ಬಟನ್ನೂ ಒತ್ತದಿದ್ರೆ ಸುಮ್ನೆ ಮುಂದೆ ಬೂಟ್ ಆಗುತ್ತೆ, ಕೀ ಸೇರಲ್ಲ.

ಈಗ ಮೋಕ್‌ಯುಟಿಲ್ ಕಮಾಂಡ್‌ನ ಇಂಪೋರ್ಟ್ ಆಯ್ಕೆಗೆ ಎಂಒಕೆ (ಮಷಿನ್ ಓನರ್ ಕೀ) ಡಾಟ್ ಡಿಇಆರ್ ಫೈಲ್ ಕೊಡಿ, ಆ ಕೀ ಇರೋದು ಇದರಲ್ಲೇ. ಅದು ವಾರ್ > ಲಿಬ್ > ಶಿಮ್-ಸೈನ್ಡ್ > ಮೋಕ್ ಫೋಲ್ಡರ್‌ನಲ್ಲಿದೆ. ಕಮಾಂಡ್ ಮುಂದೆ ಸುಡೊ (ಅಡ್ಮಿನ್ ಅನುಮತಿಗೆ) ಮರೀಬೇಡಿ. ಆಗ ಕೇಳೋ ಹೊಸ ಪಾಸ್‌ವರ್ಡ್‌ಗೆ ಬರೀ ಅಕ್ಷರ, ಅಂಕಿ ಸಾಕು. ನೀಲಿ ಸ್ಕ್ರೀನ್‌ನಲ್ಲಿ ಕೀಬೋರ್ಡ್ ಅಮೆರಿಕನ್ ಲೇಔಟ್‌ನಲ್ಲಿರುತ್ತೆ, ಚಿಹ್ನೆಗಳು ಅದಲುಬದಲಾಗಬಹುದು. ರೀಸ್ಟಾರ್ಟ್ ಕೊಟ್ಟು ಸ್ಕ್ರೀನ್ ಮುಂದೆಯೇ ಇರಿ, ಕಾಫಿಗೆ ಎದ್ದು ಹೋಗಬೇಡಿ. ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಅಷ್ಟೇ.

ಹೊಸಬ_ಲಿನಕ್ಸ್:
ಲೋಡ್ ಆಯ್ತು ಸರ್! ವಿಂಡೋಸೂ ಏನೂ ಕೇಳದೆ ತೆರೀತು. ಕರ್ನಲ್ ಅಪ್‌ಡೇಟ್ ಬಂದಾಗಲೆಲ್ಲ ಹೀಗೇ ಮಾಡ್ಬೇಕಾ?

ಟರ್ಮಿನಲ್‌ತಾತ:
ಬೇಡ. ಹೊಸ ಕರ್ನಲ್‌ಗೆ ಡಿಕೆಎಂಎಸ್ ತಾನೇ ಮಾಡ್ಯೂಲ್ ಕಟ್ಟಿ ಅದೇ ಕೀಯಿಂದ ಸಹಿ ಹಾಕುತ್ತೆ. ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ (ಮಾಡ್ಯೂಲ್ ಕಟ್ಟೋಕೆ ಬೇಕಾದ ಫೈಲ್‌ಗಳು) ಇರ್ಬೇಕು ಅಷ್ಟೆ. ಲಿನಕ್ಸ್-ಹೆಡರ್ಸ್-ಜೆನೆರಿಕ್ ಹಾಕಿಟ್ಟಿರಿ; ನಿಮ್ಮದು ಎಚ್‌ಡಬ್ಲ್ಯುಇ (ಹೊಸ ಹಾರ್ಡ್‌ವೇರ್‌ಗಾಗಿ ಬರೋ) ಕರ್ನಲ್ ಆಗಿದ್ರೆ ಅದರದ್ದೇ ಹೆಡರ್ಸ್ ಬೇಕು.