ರಾ ತೆರೆದರೆ ಮಂಕು, ಜೆಪೆಗ್ ಮಾತ್ರ ಫಳಫಳ. ಹಾಗಾದ್ರೆ ರಾ ಯಾಕೆ?

ಮಿಂಚುಹುಳ:
24 ಮೆಗಾಪಿಕ್ಸೆಲ್ ಕ್ಯಾಮೆರಾ, ರಾ (ಸೆನ್ಸರ್ ಹಿಡಿದ ಹಸಿ ಫೈಲ್) + ಜೆಪೆಗ್ ಫೈನ್ (ಕ್ಯಾಮೆರಾನೇ ಸಿದ್ಧಮಾಡಿ ಕುಗ್ಗಿಸಿದ ಚಿತ್ರ) ಇಟ್ಟಿದ್ದೀನಿ. ಹೆಚ್ಚಾಗಿ ವೇದಿಕೆ ಕಾರ್ಯಕ್ರಮಗಳು. ಲೈಟ್‌ರೂಮಲ್ಲಿ (ಫೋಟೋ ತಿದ್ದುವ ತಂತ್ರಾಂಶ) ರಾ ತೆರೆದ ಕೂಡಲೇ ಅರೆಕ್ಷಣ ಒಳ್ಳೇ ಬಣ್ಣ ಕಾಣುತ್ತೆ, ಆಮೇಲೆ ಕಣ್ಣೆದುರೇ ಮಂಕಾಗಿ ಸ್ವಲ್ಪ ಕಪ್ಪೂ ಆಗುತ್ತೆ. ಜೆಪೆಗ್‌ಗೆ ಈ ರೋಗ ಇಲ್ಲ. ಸಾಲದ್ದಕ್ಕೆ ನೃತ್ಯ ತೆಗೆಯುವಾಗ ಬಟನ್ ಒತ್ತಿ ಹಿಡಿದರೆ ನಾಲ್ಕೈದು ಸೆಕೆಂಡಿಗೆ ಕ್ಯಾಮೆರಾ ಸುಸ್ತು. ರಾ ಬಿಟ್ಟುಬಿಡಲಾ?

ಎಫ್_ಎಂಟು:
ಬಿಡುವ ಮೊದಲು ಆ ಅರೆಕ್ಷಣದಲ್ಲಿ ನೋಡಿದ್ದು ಏನು ಅಂತ ತಿಳ್ಕೊಳ್ಳಿ. ಅದು ರಾ ಅಲ್ಲ. ರಾ ಫೈಲಿನ ಹೊಟ್ಟೆಯೊಳಗೆ ಕ್ಯಾಮೆರಾ ಒಂದು ಜೆಪೆಗ್ ಪ್ರಿವ್ಯೂ ಇಟ್ಟಿರುತ್ತೆ. ಮೊದಲು ಕಾಣೋದು ಅದು. ನಂತರ ಲೈಟ್‌ರೂಮ್ ಸೆನ್ಸರಿನ ಅಂಕಿಗಳನ್ನು ತನ್ನದೇ 'ಅಡೋಬಿ ಕಲರ್' ಪ್ರೊಫೈಲಿನಲ್ಲಿ (ಬಣ್ಣದ ಪಾಕವಿಧಾನ) ಬೇಯಿಸಿ ಬಡಿಸುತ್ತೆ, ಅದಕ್ಕೇ ರುಚಿ ಬೇರೆ. ಪ್ರೊಫೈಲ್ ಬ್ರೌಸರಿಗೆ ಹೋಗಿ 'ಕ್ಯಾಮೆರಾ ಮ್ಯಾಚಿಂಗ್' ಗುಂಪಿನಿಂದ ನಿಮ್ಮ ಕ್ಯಾಮೆರಾದ ಸ್ಟ್ಯಾಂಡರ್ಡ್ ಆರಿಸಿ, ಮುಕ್ಕಾಲು ಪಾಲು ವ್ಯತ್ಯಾಸ ಅಲ್ಲೇ ಹೋಗುತ್ತೆ. ಪ್ರತಿ ಸಲ ಮಾಡೋದು ಬೇಡ ಅಂದ್ರೆ ಪ್ರಿಫರೆನ್ಸಸ್‌ನ ಪ್ರೀಸೆಟ್ಸ್ ಟ್ಯಾಬಿನಲ್ಲಿ ರಾ ಡಿಫಾಲ್ಟನ್ನು 'ಕ್ಯಾಮೆರಾ ಸೆಟ್ಟಿಂಗ್ಸ್'ಗೆ ಬದಲಿಸಿ.

'ಕಪ್ಪಾಗುತ್ತೆ' ಅಂದಿದ್ದಕ್ಕೆ ಬೇರೆ ಕಾರಣ ಇರಬಹುದು. ನಿಕಾನ್ ಆಗಿದ್ದು ಆ್ಯಕ್ಟಿವ್ ಡಿ-ಲೈಟಿಂಗ್ ಆನ್ ಇದ್ದರೆ, ಹೈಲೈಟ್ (ತೀರಾ ಬೆಳಗಿದ ಭಾಗ) ಉಳಿಸೋಕೆ ಕ್ಯಾಮೆರಾ ಎಕ್ಸ್‌ಪೋಶರನ್ನೇ ತಗ್ಗಿಸಿ, ಜೆಪೆಗ್‌ನಲ್ಲಿ ಮಾತ್ರ ಶ್ಯಾಡೋ (ಕತ್ತಲ ಭಾಗ) ಎತ್ತಿಕೊಡುತ್ತೆ. ಲೈಟ್‌ರೂಮ್ ಆ ಎತ್ತುವ ಕೆಲಸ ಮಾಡಲ್ಲ. ರಾ ತೆಗೆಯುವವರು ಅದನ್ನ ಆಫ್ ಮಾಡೋದೇ ವಾಸಿ.

ರಾ ಯಾಕೆ ಅಂತ ನಿಮ್ಮ ಫೈಲಿನಲ್ಲೇ ನೋಡಿ. ವೇದಿಕೆಯ ಹಿಂದಿನ ಕಪ್ಪು ಪರದೆ ಇರುವ ಒಂದು ಜೆಪೆಗ್ ತಗೊಂಡು 3 ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ಎತ್ತಿ, 200% ಜೂಮ್ ಮಾಡಿ. ಬಟ್ಟೆಯ ಮಡಿಕೆ ಇರಬೇಕಾದ ಕಡೆ ಚೌಕ ಚೌಕ ಕಾಣುತ್ತೆ. ಎಣಿಸಿದರೆ ಒಂದೊಂದೂ 8×8 ಪಿಕ್ಸೆಲ್, ಯಾಕಂದ್ರೆ ಜೆಪೆಗ್ ಚಿತ್ರವನ್ನ ಆ ಅಳತೆಯ ತುಂಡು ಮಾಡಿಯೇ ಕುಗ್ಗಿಸೋದು. ಕತ್ತಲಲ್ಲಿರುವ ಸೂಕ್ಷ್ಮ ವಿವರವನ್ನ ಕಣ್ಣಿಗೆ ಕಾಣಲ್ಲ ಅಂತ ಅದು ಆಗಲೇ ಎಸೆದಿರುತ್ತೆ. ಅದೇ ಫ್ರೇಮಿನ ರಾ ಎತ್ತಿದರೆ ಕಾಳು ಕಾಳಾಗಿ ನಾಯ್ಸ್ ಬರುತ್ತೆ, ಆದರೆ ಮಡಿಕೆ ಇರುತ್ತೆ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, 14-ಬಿಟ್ ರಾದಲ್ಲಿ 16,384.

ಬಿಳಿಸಮ:
ಬಿಟ್ ಲೆಕ್ಕಕ್ಕೆ ನನ್ನದೊಂದು ತಕರಾರು. ವೇದಿಕೆ ಅಂದ್ರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, 6400. ಅಲ್ಲಿ ನಾಯ್ಸೇ ಆ ಸಣ್ಣ ಮೆಟ್ಟಿಲುಗಳನ್ನ ಮುಚ್ಚಿಹಾಕುತ್ತೆ, 12-ಬಿಟ್ಟಿಗೂ 14-ಬಿಟ್ಟಿಗೂ ವ್ಯತ್ಯಾಸ ಹುಡುಕಿದರೂ ಸಿಗಲ್ಲ. ಇವರಿಗೆ ರಾದಿಂದ ನಿಜವಾದ ಲಾಭ ವೈಟ್ ಬ್ಯಾಲೆನ್ಸ್ (ಯಾವ ಬಣ್ಣದ ಬೆಳಕಲ್ಲೂ ಬಿಳಿಯನ್ನ ಬಿಳಿಯಾಗಿ ತೋರಿಸೋ ಹೊಂದಾಣಿಕೆ). ರಾದಲ್ಲಿ ಅದು ಬರೀ ಒಂದು ಚೀಟಿ, ಯಾವಾಗ ಬೇಕಾದ್ರೂ ಬದಲಿಸಬಹುದು. ಜೆಪೆಗ್‌ನಲ್ಲಿ ಹಿಟ್ಟಿಗೆ ಕಲಸಿದ ಉಪ್ಪು. ಹಳದಿ ಬಲ್ಬಿನಡಿ ಡೇಲೈಟ್ ಇಟ್ಟು ತೆಗೆದ ಜೆಪೆಗ್ ಸರಿಮಾಡೋಕೆ ಹೋದರೆ ಮುಖದ ಬಣ್ಣ ಸರಿಹೋಗುವಷ್ಟರಲ್ಲಿ ನೆರಳು ನೀಲಿಗೆ ತಿರುಗಿರುತ್ತೆ.

ಪತ್ರಿಕೆಗೆ ಐದು ನಿಮಿಷದಲ್ಲಿ ಕಳಿಸಬೇಕಾದವರು, ಎಡಿಟ್ ಮಾಡದೇ ಕೊಡುವವರು ಜೆಪೆಗ್ ತೆಗೆದರೆ ತಪ್ಪೇನಿಲ್ಲ. ಆದರೆ ಪ್ರತಿ ಬೆಳಕಿಗೂ ವೈಟ್ ಬ್ಯಾಲೆನ್ಸ್ ಕೈಯಾರೆ ಇಡುವ ಶಿಸ್ತು ಬೇಕು.

ಕತ್ತಲೆಕೋಣೆ:
ಸುಸ್ತಿನ ವಿಷಯ. ನಿಮ್ಮ ಕ್ಯಾಮೆರಾದ 14-ಬಿಟ್ ಅನ್‌ಕಂಪ್ರೆಸ್ಡ್ ರಾ ಒಂದಕ್ಕೆ ಸುಮಾರು 42 ಎಂಬಿ. ಸೆಕೆಂಡಿಗೆ 10 ಫ್ರೇಮ್ ಅಂದ್ರೆ 420 ಎಂಬಿ, ಮೇಲಿಂದ ಜೆಪೆಗ್ ಬೇರೆ. ಯುಎಚ್ಎಸ್-1 (ಮೆಮೊರಿ ಕಾರ್ಡಿನ ಒಂದು ವೇಗದ ದರ್ಜೆ) ಕಾರ್ಡಿನ ದಾರಿ ಕಾಗದದ ಮೇಲೇ ಸೆಕೆಂಡಿಗೆ 104 ಎಂಬಿ. ಬಫರ್ (ಕಾರ್ಡಿಗೆ ಹೋಗುವ ಮೊದಲು ಚಿತ್ರಗಳು ಕಾಯುವ ಜಾಗ) ತುಂಬದೇ ಇನ್ನೇನು? ಹೀಗೆ ಮಾಡಿ: ರಾ ರೆಕಾರ್ಡಿಂಗ್ ಮೆನುವಿನಲ್ಲಿ 'ಲಾಸ್‌ಲೆಸ್ ಕಂಪ್ರೆಸ್ಡ್' ಆರಿಸಿ (ಜಿಪ್ ಮಾಡಿದ ಹಾಗೆ, ಏನೂ ಕಳೆಯಲ್ಲ, 25-30 ಎಂಬಿಗೆ ಇಳಿಯುತ್ತೆ). ಬರೀ 'ಕಂಪ್ರೆಸ್ಡ್' ಅಂತಿದ್ದರೆ ಅದು ಸಾಮಾನ್ಯವಾಗಿ ನಷ್ಟದ್ದು, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಜೊತೆಗಿನ ಜೆಪೆಗ್ ಯಾರಿಗೂ ಕಳಿಸಲ್ಲ ಅಂದ್ರೆ ನಿಲ್ಲಿಸಿ. ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿರೋದು ಓದುವ ವೇಗ. ನೀವು ನೋಡಬೇಕಾದ್ದು ವಿ30, ವಿ60, ವಿ90 ಅನ್ನೋ ಗುರುತು, ಅದು ಬರೆಯುವ ಕನಿಷ್ಠ ವೇಗ. ಕ್ಯಾಮೆರಾಕ್ಕೆ ಯುಎಚ್ಎಸ್-2 ಸ್ಲಾಟ್ ಇಲ್ಲದಿದ್ದರೆ ವಿ90 ಕೊಂಡರೂ ದಂಡ.

ಮಿಂಚುಹುಳ:
ಪ್ರೊಫೈಲ್ ಬದಲಿಸಿದೆ, ಮಂಕು ಹೋಯ್ತು. ಡಿ-ಲೈಟಿಂಗೂ ಆನ್ ಇತ್ತು! ಇನ್ನೊಂದು ಉಳೀತು: ನೀಲಿ ಎಲ್ಇಡಿ ಬೆಳಕಲ್ಲಿ ಗಾಯಕಿಯ ಮುಖ ರಾದಲ್ಲೂ ನೀಲಿ ಬಣ್ಣ ಬಳಿದ ಹಾಗೆ ಚಪ್ಪಟೆ, ಮೂಗು-ಕೆನ್ನೆ ಬೇರೆ ಬೇರೆ ಕಾಣಲ್ಲ. ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ತೋರಿಸೋ ಗ್ರಾಫ್) ಮಾತ್ರ ನಡುವಿನಲ್ಲೇ ಇತ್ತು.

ಬಿಳಿಸಮ:
ನೋಡಿದ್ದು ಬಿಳಿ (ಒಟ್ಟು ಹೊಳಪಿನ) ಹಿಸ್ಟೋಗ್ರಾಮ್ ಇರಬೇಕು. ಹೊಳಪಿನ ಲೆಕ್ಕದಲ್ಲಿ ನೀಲಿಗೆ ಸಿಗೋ ಪಾಲು ತೀರಾ ಕಮ್ಮಿ, ಹಾಗಾಗಿ ನೀಲಿ ಚಾನೆಲ್ ಪೂರ್ತಿ ಉಕ್ಕಿ ಚೆಲ್ಲಿದ್ದರೂ ಆ ಗುಡ್ಡ ಅಲುಗಾಡಲ್ಲ. ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರಿಸೋ) ಹಿಸ್ಟೋಗ್ರಾಮ್ ಹಾಕ್ಕೊಳ್ಳಿ. ನೀಲಿ ಬಲಗೋಡೆಗೆ ಅಂಟಿದ್ದರೆ 2/3ರಿಂದ 1 ಸ್ಟಾಪ್ ಇಳಿಸಿ. ಆ ಹಿಸ್ಟೋಗ್ರಾಮ್ ಕೂಡ ಜೆಪೆಗ್ ಪ್ರಿವ್ಯೂನಿಂದಲೇ ಹುಟ್ಟೋದು, ಆದ್ದರಿಂದ ಪಿಕ್ಚರ್ ಕಂಟ್ರೋಲನ್ನ (ಕ್ಯಾಮೆರಾ ಜೆಪೆಗ್‌ಗೆ ಹಚ್ಚುವ ಬಣ್ಣದ ಶೈಲಿ) ನ್ಯೂಟ್ರಲ್‌ಗೆ ಇಟ್ಟರೆ ಸುಳ್ಳು ಸ್ವಲ್ಪ ಕಮ್ಮಿ ಹೇಳುತ್ತೆ.

ಈಗಾಗಲೇ ಉಕ್ಕಿದ ಫ್ರೇಮಲ್ಲಿ ವೈಟ್ ಬ್ಯಾಲೆನ್ಸ್ ಎಳೆದಾಡಿ ಪ್ರಯೋಜನವಿಲ್ಲ, ಆ ಬೆಳಕಲ್ಲಿ ಕೆಂಪೇ ಇರಲಿಲ್ಲ. ಕಪ್ಪು-ಬಿಳುಪು ಮಾಡಿ, ಮಿಕ್ಸರಿನಲ್ಲಿ ನೀಲಿ ಇಳಿಸಿ ನೋಡಿ. ಹಸಿರು ಚಾನೆಲ್ ಉಕ್ಕದೇ ಉಳಿದಿದ್ದರೆ ಮೂಗು ವಾಪಸ್ ಬರುತ್ತೆ.