ಹತ್ತು ನಿಮಿಷದ ಅಕ್ವೇರಿಯಂ ಮತ್ತು ನಮ್ಮ ಫ್ಯಾಮಿಲಿ ಗ್ರೂಪು

ಮೈಸೂರು ಚಿಕ್ಕಪ್ಪ: ↪ ಫಾರ್ವರ್ಡ್ ವಿಡಿಯೋ
ಹತ್ತೇ ನಿಮಿಷದಲ್ಲಿ ಅಕ್ವೇರಿಯಂ ರೆಡಿ!! ಗಾಜಿನ ಬೌಲು, ಬಣ್ಣದ ಕಲ್ಲು, ನಲ್ಲಿ ನೀರು, ಎರಡು ಗೋಲ್ಡ್ ಫಿಶ್. ಪುಟ್ಟಿ ಬರ್ತ್‌ಡೇಗೆ ಇದೇ ಕೊಡ್ಸೋಣ

ಕಿಟ್ಟಿ: ಬೇಡ ಚಿಕ್ಕಪ್ಪಾ. ಅದು ಮೀನಿನ ತಿಥಿಗೆ ಅಡ್ವಾನ್ಸ್ ಕೊಟ್ಟಂಗೆ. ಗೋಲ್ಡ್ ಫಿಶ್ ಗೇಣುದ್ದ ಬೆಳೆಯುತ್ತೆ, ಬೌಲಲ್ಲಿ ತಿರುಗೋಕೂ ಜಾಗ ಇರಲ್ಲ

ಸುಮತ್ತೆ: ಹುಟ್ಟಿದಬ್ಬದ ಮಾತಾಡ್ತಿದ್ರೆ ತಿಥಿ ಅಂತಾನೆ ನೋಡು

ಮೈಸೂರು ಚಿಕ್ಕಪ್ಪ: ನಮ್ಮಪ್ಪ ಹಿತ್ಲು ತೊಟ್ಟಿಲಿ ಸೊಳ್ಳೆಗೆ ಅಂತ ಗಪ್ಪಿ ಮೀನು ಬಿಟ್ಟಿದ್ರು, ಫಿಲ್ಟರೂ ಇಲ್ಲ ಗಿಲ್ಟರೂ ಇಲ್ಲ, ವರ್ಷಗಟ್ಲೆ ಇದ್ವು

ಕಿಟ್ಟಿ: ಇದ್ದಿದ್ದು ಅವುಗಳ ಮಕ್ಕಳು ಮೊಮ್ಮಕ್ಕಳು 😄 ಆ ತೊಟ್ಟಿಲಿ ಎಷ್ಟು ನೀರು, ಪಾಚಿ ಎಷ್ಟು, ಯಾರಾದ್ರೂ ತಿಕ್ಕಿ ತೊಳೀತಿದ್ರಾ?

ಭಾವ: ನಾನು ಪ್ರತಿ ಭಾನುವಾರ ಎಲ್ಲಾ ನೀರು ಚೆಲ್ಲಿ ಕಲ್ಲು, ಫಿಲ್ಟರ್ ಸ್ಪಂಜು ನಲ್ಲಿ ಕೆಳಗೆ ಹಿಡಿದು ಚೊಕ್ಕ ಮಾಡ್ತಿದ್ದೆ ಕಣೋ. ನೀರು ಪಳಪಳ. ಆದ್ರೂ ಬುಧವಾರ ಮೂರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ವು

ಕಿಟ್ಟಿ: ಅದೇ ಭಾವ ಆಗಿದ್ದು. ಮೀನಿನ ಹೇಲಿಂದ ಉಳಿದ ತಿಂಡಿಯಿಂದ ಅಮೋನಿಯಾ ಹುಟ್ಟುತ್ತೆ, ಅದು ಕಣ್ಣಿಗೆ ಕಾಣಲ್ಲ, ಸ್ಪಂಜಲ್ಲಿ ಕಲ್ಲಲ್ಲಿ ಕೂತಿರೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡುತ್ತೆ, ಮೊದಲಿನ ಎರಡೂ ವಿಷ, ಮೂರನೇದು ಸ್ವಲ್ಪ ಇದ್ರೆ ತಡ್ಕೊತಾವೆ. ನೀವು ನಲ್ಲಿಯ ಕ್ಲೋರಿನ್ ನೀರಲ್ಲಿ ಸ್ಪಂಜು ಹಿಂಡಿ ಆ ಬ್ಯಾಕ್ಟೀರಿಯಾನೇ ಸಾಯಿಸಿದ್ರಿ. ಟ್ಯಾಂಕಿಂದ ತೆಗೆದ ನೀರಲ್ಲೇ ಒಂದ್ಸಲ ಅದ್ದಿ ಹಿಂಡಿದ್ರೆ ಸಾಕಿತ್ತು, ವಾರಕ್ಕೆ ಕಾಲುಭಾಗ ನೀರು ಬದಲಾಯಿಸ್ಬೇಕು ಅಷ್ಟೆ

ಭಾವ: ಅಂಗಡಿಯವನು ಒಂದು ಮಾತೂ ಹೇಳ್ಲಿಲ್ವಲ್ಲೋ

ಮೈಸೂರು ಚಿಕ್ಕಪ್ಪ: ಸರಿ ಆ ಬ್ಯಾಕ್ಟೀರಿಯಾ ಎಲ್ಲಿ ಸಿಗುತ್ತೆ, ನಾಳೆ ತರ್ತೀನಿ

ಕಿಟ್ಟಿ: ತಾನಾಗೇ ಬೆಳೀಬೇಕು. ಮೀನಿಲ್ದೆ ಫಿಲ್ಟರ್ ಓಡಿಸಿ ದಿನಾ ಚಿಟಿಕೆ ಮೀನಿನ ತಿಂಡಿ ಹಾಕ್ತಾ ಇದ್ರೆ 4ರಿಂದ 6 ವಾರ. ನನ್ನ ಟ್ಯಾಂಕಿನ ಹಳೇ ಸ್ಪಂಜು ಕೊಡ್ತೀನಿ, ಇನ್ನೂ ಬೇಗ ಆಗುತ್ತೆ. ಟೆಸ್ಟ್ ಕಿಟ್‌ಲ್ಲಿ ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಬರಲಿ, ಆಮೇಲೆ ಮೀನು

ಸುಮತ್ತೆ: ಅಲ್ಲಿವರೆಗೆ ಖಾಲಿ ಗಾಜಿನ ಡಬ್ಬಿ ನೋಡ್ಕೊಂಡು ಕೂತ್ಕೊಬೇಕಾ ಮಗು? ಅದೂ ಅಲ್ದೆ ನಮ್ಮನೇಲಿ ಬೋರ್ ನೀರು, ಬಕೆಟ್ ತುಂಬಾ ಬಿಳಿ ಕಲೆ

ಕಿಟ್ಟಿ: ಗಡಸು ನೀರು ಗಪ್ಪಿಗೆ, ಮಾಲಿ ಮೀನಿಗೆ ಚೆನ್ನಾಗೇ ಒಗ್ಗುತ್ತೆ ಅತ್ತೆ. ನಿಯಾನ್ ಟೆಟ್ರಾ ಮೀನಿಗೆ ಮೆದು ನೀರು ಬೇಕು, ಅದನ್ನ ಆಸೆ ಪಡ್ಬೇಡಿ. ಗಪ್ಪಿ ಬರೀ ಗಂಡು ತನ್ನಿ, ಐದಾರು, ಹೆಣ್ಣು ತಂದ್ರೆ ತಿಂಗಳು ತಿಂಗಳು ಮರಿ

ಭಾವ: ನಂದು 2 ಅಡಿ ಟ್ಯಾಂಕ್ ಅಟ್ಟದ ಮೇಲಿದೆ, 50 ಲೀಟರ್ ಮೇಲೇ ಹಿಡಿಯುತ್ತೆ, ತಗೊಂಡೋಗಿ. ನೋಡಿದ್ರೇ ಬೇಜಾರಾಗುತ್ತೆ

ಸುಮತ್ತೆ: 🎤 (ಪುಟ್ಟಿ ವಾಯ್ಸ್) ನಾನು ಅಳಲ್ಲ, ದಿನಾ ಚಿಟಿಕೆ ತಿಂಡಿ ನಾನೇ ಹಾಕ್ತೀನಿ

ಮೈಸೂರು ಚಿಕ್ಕಪ್ಪ: ನೋಡ್ರೋ ಚಿನ್ನದಂಥ ಮಗು. ಆಯ್ತು ಬೌಲು ಕ್ಯಾನ್ಸಲ್. ಬಣ್ಣದ ಕಲ್ಲು ಮಾತ್ರ ಆಗ್ಲೇ ಆರ್ಡರ್ ಹಾಕ್ಬಿಟ್ಟಿದೀನಿ, 5 ಕೆಜಿ, ನೀಲಿ